ಅಮಲ್ದಾರನ ಚಳಿಗಾಲ

ನಮ್ಮ ಅಜ್ಜಿಯ ಟಗರಿನ ಮೈಮೇಲಿನ ಉಣ್ಣೆ ಸರಿಯಾಗಿ ಚಳಿಗಾಲದ ಹೊತ್ತಿಗೆ ಮಾಯವಾದದ್ದು ನನ್ನಿಂದ. ಕತ್ತರಿ ಹಿಡಿದವನು ಪಾಲಯ್ಯಜ್ಜ, ಅದು ನಿಜ. ಆದರೆ ಕತ್ತರಿಸು ಎಂದು ಹೇಳಿದವನು ನಾನು. ನಾನು ಎಂದರೆ ಗಂಟಲು ಮಾತ್ರ ನನ್ನದು, ದನಿ ಅಜ್ಜಿಯದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಮುಂದೆ ನಾನು ಆ ಟಗರಿಗೆ ಮಾಡಿದ ಸೇವೆಯನ್ನೆಲ್ಲ ಓದಿ, ಎಂಥ ಪ್ರಾಣಿದಯೆಯ ಹುಡುಗ ಎಂದು ನೀವು ಮೆಚ್ಚಿಕೊಂಡು, ಕೊನೆಗೆ ಬೈಯಬೇಕಾಗುತ್ತದೆ. ಹೇಗೂ ಬೈಸಿಕೊಳ್ಳುವುದಿದೆ, ಮೊದಲೇ ಮುಗಿದರೆ ಇಬ್ಬರಿಗೂ ಹಗುರ.

ಇದು ನೆನಪಾದದ್ದು ಒಂದು ಸ್ವೆಟರಿನಿಂದ. ಚಳ್ಳಕೆರೆಯಲ್ಲಿ ನಾನಿರುವ ಬಾಡಿಗೆ ಕೋಣೆಯ ಕೆಳಗಡೆ ಒಬ್ಬ ಬ್ಯಾಂಕ್ ಮ್ಯಾನೇಜರು, ಅವರ ಹೆಂಡತಿ ಮತ್ತು ಒಂದು ಪಮೇರಿಯನ್ ನಾಯಿ ಇದ್ದಾರೆ. ಮೂವರ ದನಿ ತೆಗೆಯಲೂ ನನಗೆ ಬರುತ್ತದೆ. ಮ್ಯಾನೇಜರು ‘ನೋಡೋಣ’ ಎನ್ನುವುದು ಮೂಗಿನಿಂದ. ನಾಯಿ ಬೊಗಳುವುದೂ ಹೆಚ್ಚುಕಡಿಮೆ ಅಲ್ಲಿಂದಲೇ. ಮೊನ್ನೆ ಬೆಳಿಗ್ಗೆ ಆ ನಾಯಿ ಕೆಂಪು ಸ್ವೆಟರು ತೊಟ್ಟುಕೊಂಡು ಮೆಟ್ಟಿಲ ಕೆಳಗೆ ಮುದುಡಿ ಕೂತಿತ್ತು. ಮೇಡಂ ಅದರ ಮುಂದೆ ರಬ್ಬರ್ ಚೆಂಡು ಹಿಡಿದು ನಿಂತಿದ್ದರು.

“ಚಳಿ ಶುರುವಾದಾಗಿಂದ ಇದು ಏಳೋದೇ ಇಲ್ಲ ಕಣ್ರೀ. ಸ್ವೆಟರ್ ಹಾಕಿದೀನಿ, ಚೆಂಡು ತಂದಿದೀನಿ, ಇನ್ನೇನು ಮಾಡ್ಲಿ?”

“ಬಿಸಿಲು ಬಂದ ಮೇಲೆ ಹೊರಗೆ ಬಿಡಿ ಮೇಡಂ. ಒಂದೇ ಕಡೆ ಮಲಗೋಕೆ ಬಿಡಬೇಡಿ. ಯಾರ ಮಾತು ಕೇಳುತ್ತೋ ಅವರೇ ಆಡಿಸಬೇಕು,” ಎಂದೆ, ದೊಡ್ಡ ಅನುಭವಸ್ಥನ ಹಾಗೆ.

“ನಿಮ್ಮನೇಲೂ ನಾಯಿ ಇತ್ತಾ?”

“ಇಲ್ಲ, ಅಮಲ್ದಾರ ಇದ್ದ.”

ಮೇಡಂ ಚೆಂಡನ್ನು ಎದೆಗೆ ಒತ್ತಿಕೊಂಡು ಒಳಗೆ ಹೋದರು.

ಅವರಿಗೆ ಹೇಳದೆ ಉಳಿದದ್ದನ್ನು ನಿಮಗೆ ಹೇಳುತ್ತೇನೆ. ನಮ್ಮೂರು ದೊಡ್ಡಉಳ್ಳಾರ್ತಿ. ಚಳ್ಳಕೆರೆ ಸೀಮೆಯಲ್ಲಿ ಚಳಿ ಎಂದರೆ ಹೊರಗಿನವರು ನಗುತ್ತಾರೆ. ಅವರಿಗೆ ಗೊತ್ತಿರುವುದು ನಮ್ಮ ಬಿಸಿಲು ಮತ್ತು ಶೇಂಗಾ ಎಣ್ಣೆ. ಕಾರ್ತಿಕ ಕಳೆದ ಮೇಲೆ ಬೆಳಿಗ್ಗೆ ಆರು ಗಂಟೆಗೆ ಅವರು ನಮ್ಮ ಹಿತ್ತಲಿಗೆ ಬಂದು ನಿಲ್ಲಬೇಕು. ಊರಾಚೆ ದನಕ್ಕೆ ಮೀಸಲಿಟ್ಟ ಕಾವಲಿನ ಹುಲ್ಲಿನ ಮೇಲಿಂದ ಬೀಸುವ ಗಾಳಿಗೆ ಅಡ್ಡ ಒಂದು ಗುಡ್ಡ ಇಲ್ಲ, ತೋಪು ಇಲ್ಲ. ಅಲ್ಲೊಂದು ಇಲ್ಲೊಂದು ಜಾಲಿ ಗಿಡ, ಅವೂ ಬಾಗಿ ದಾರಿ ಬಿಡುತ್ತವೆ. ಅಡ್ಡ ಅಂತ ಸಿಗುವುದು ಮೊದಲು ನಮ್ಮ ಮನೆಯೇ. ಮಧ್ಯಾಹ್ನ ಹನ್ನೆರಡಕ್ಕೆ ಅಂಗಿ ಬಿಚ್ಚುವಷ್ಟು ಬಿಸಿಲು, ಬೆಳಗಿನ ಜಾವ ಹಲ್ಲು ಕಟಕಟ. ಇಂಥ ಜಾಗದಲ್ಲಿ ಮೈಮೇಲೆ ಉಣ್ಣೆ ಇರುವ ಪ್ರಾಣಿಯೇ ಶ್ರೀಮಂತ.

ಅಮಲ್ದಾರ ಅಂಥ ಶ್ರೀಮಂತ. ಹುಟ್ಟಿದ್ದು ಓಬಣ್ಣ ಮಾವನ ಮಂದೆಯಲ್ಲಿ. ಹುಟ್ಟಿದ ದಿನವೇ ತಾಯಿ ಸತ್ತಿತ್ತು. ಮಾವ ಅದನ್ನು ಟವೆಲಿನಲ್ಲಿ ಸುತ್ತಿ ತಂದು ಅಜ್ಜಿಯ ಮಡಿಲಿಗೆ ಹಾಕಿ ಹೋದ. ಅಜ್ಜಿ ಮೊದಲು ಬಟ್ಟೆಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ, ಆಮೇಲೆ ಬಾಟಲಿಯಲ್ಲಿ ಕುಡಿಸಿ ಬೆಳೆಸಿದಳು. ಮೂರು ವರ್ಷಕ್ಕೆ ಅದು ಎರಡು ಸುತ್ತು ಕೊಂಬಿನ, ಎದೆಯುಬ್ಬಿದ ಕರಿಯ ಟಗರಾಯಿತು. ಅಜ್ಜಿ ಊರೊಳಗೆ ಹೊರಟರೆ ಹಿಂದೆಯೇ ಹೊರಡುತ್ತಿತ್ತು. ಒಂದೊಂದು ಮನೆಯ ಬಾಗಿಲಲ್ಲೂ ನಿಂತು, ಒಳಗೆ ಇಣುಕಿ, ಗಂಭೀರವಾಗಿ ತಲೆ ಅಲ್ಲಾಡಿಸಿ, ಏನೂ ಮಾಡದೆ ಮುಂದಿನ ಮನೆಗೆ ಹೋಗುತ್ತಿತ್ತು. ಇದನ್ನು ನೋಡಿ ಅಜ್ಜಿಯೇ ಇಟ್ಟ ಹೆಸರು ಅಮಲ್ದಾರ.

ಅಜ್ಜಿ ಅದನ್ನು ಕರೆಯುವ ರೀತಿಗೆ ಒಂದು ಲೆಕ್ಕಾಚಾರವಿತ್ತು. “ಬಾರಪ್ಪ ನನ್ನ ದೊರೆ, ಬಾ,” ಎನ್ನುವಳು. ಎಲೆಅಡಿಕೆಯ ಉಂಡೆಯನ್ನು ಎಡದವಡೆಯಿಂದ ಬಲದವಡೆಗೆ ಸಾಗಿಸುವಳು. ಅಷ್ಟರಲ್ಲಿ ಒಂದು ಸಣ್ಣ ಕೆಮ್ಮು. ಆಮೇಲೆ ಇನ್ನೊಂದು “ಬಾ.” ಎರಡನೆಯ ‘ಬಾ’ಕ್ಕೇ ಟಗರು ಹೆಜ್ಜೆ ಎತ್ತುತ್ತಿದ್ದದ್ದು. ಆ ಕೆಮ್ಮನ್ನು ಕಲಿಯಲು ನನಗೆ ಒಂದು ಬೇಸಿಗೆ ರಜೆಯೇ ಹಿಡಿಯಿತು.

ಆಗ ನನಗೆ ಬರದ ದನಿ ಇರಲಿಲ್ಲ. ನಮ್ಮೂರ ಬಸ್ಸಿನ ಕಂಡಕ್ಟರು, ಗಣಿತದ ಮೇಷ್ಟ್ರು, ಹಿಟ್ಟಿನ ಗಿರಣಿ, ಬೆಲ್ಟು ಜಾರಿದ ಹಿಟ್ಟಿನ ಗಿರಣಿ, ಎಲ್ಲವೂ ಬರುತ್ತಿದ್ದವು. ಒಮ್ಮೆ ಕಾಲೇಜಿನಲ್ಲಿ ಗೆಳೆಯರು, “ಎಲ್ಲಾರ್ದೂ ಮಾಡ್ತೀಯ, ನಿಂದೇ ಒಂದು ಮಾಡಲೇ,” ಎಂದರು. ಬಾಯಿ ತೆರೆದೆ. ಏನೂ ಬರಲಿಲ್ಲ. ನನ್ನ ಸ್ವಂತ ದನಿ ಎಂಬುದು ಹಾಜರಿ ಕೂಗಿದಾಗ ‘ಎಸ್ ಸಾರ್’ ಎನ್ನಲು ಇಟ್ಟುಕೊಂಡ ಸಾಮಾನು. ಅದರಲ್ಲಿ ತಮಾಷೆ ಏನಿರುತ್ತದೆ ಎಂದು ತಪ್ಪಿಸಿಕೊಂಡೆ.

ಇನ್ನು ಆ ದಿನದ ವಿಷಯ. ನಾನು ಪಿಯುಸಿ ಮೊದಲ ವರ್ಷದಲ್ಲಿದ್ದೆ. ದೀಪಾವಳಿ ಕಳೆದು ವಾರವಾಗಿತ್ತು. ಚಳಿಯ ಮುಂದೆ ನಮ್ಮ ಮನೆಯಲ್ಲಿ ಯಾರೂ ಕುರಿಗೆ ಕತ್ತರಿ ಹಾಕಿಸುವುದಿಲ್ಲ. ಆದರೆ ಓಬಣ್ಣ ಮಾವನ ಮಂದೆಯಲ್ಲಿ ನಾಲ್ಕು ಕುರಿಗಳಿಗೆ ಕಜ್ಜಿ ಹತ್ತಿತ್ತು. ಉಣ್ಣೆ ತೆಗೆಯದೆ ಔಷಧಿ ಹಚ್ಚುವಂತಿರಲಿಲ್ಲ. ಅದಕ್ಕೆ ಊರಿನ ಉಣ್ಣೆ ಕತ್ತರಿಸುವ ಪಾಲಯ್ಯಜ್ಜ ನಮ್ಮ ಹಿತ್ತಲಿನ ಬೇವಿನ ಮರದಡಿ ಗೋಣಿಚೀಲ ಹಾಸಿಕೊಂಡು, ಉದ್ದ ಕತ್ತರಿ ಹಿಡಿದು ಕೂತಿದ್ದ. ಪಾಲಯ್ಯಜ್ಜನ ಕಣ್ಣಿಗೆ ಪೊರೆ ಬಂದಿತ್ತು. ಅವನು ಕುರಿಯನ್ನು ಕೈಯಿಂದ ನೋಡುತ್ತಿದ್ದ, ಮನುಷ್ಯರನ್ನು ಕಿವಿಯಿಂದ.

ಅಜ್ಜಿ ಶೇಂಗಾ ಬಿಡಿಸಲು ಹೊಲಕ್ಕೆ ಹೋಗಿದ್ದಳು. ಅಮಲ್ದಾರ ಮರದ ಇನ್ನೊಂದು ಮಗ್ಗುಲಿಗೆ ಕಟ್ಟಿಸಿಕೊಂಡು, ನಾಲ್ಕು ಕುರಿಗಳ ಪಾಡನ್ನು ಅಧಿಕಾರಿಯ ಗತ್ತಿನಲ್ಲಿ ಪರಿಶೀಲಿಸುತ್ತಿತ್ತು. ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ಬಾಯಿ ಸುಮ್ಮನಿರಲಿಲ್ಲ.

“ಪಾಲಯ್ಯ, ಕತ್ರಿ ಹೆಂಗೂ ಕೈಯಾಗೈತೆ,” ಎಂದೆ ಅಜ್ಜಿಯ ದನಿಯಲ್ಲಿ. ಕೆಮ್ಮಿದೆ. “ನಮ್ಮ ಅಮಲ್ದಾರಂಗೂ ಒಂದೀಟು ಆಡಿಸಪ್ಪ.”

“ಚಳಿ ಬರ್ತೈತಲ್ಲ ಈರಕ್ಕ,” ಎಂದ ಪಾಲಯ್ಯಜ್ಜ, ತಲೆ ಎತ್ತದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮಿಮಿಕ್ರಿ ಮಾಡುವವನಿಗೆ ಎದುರಿನಿಂದ ಉತ್ತರ ಬಂದುಬಿಟ್ಟರೆ ನಿಲ್ಲಿಸುವುದು ಕಷ್ಟ.

“ಬರ್ಲಿ ಬಿಡು. ಅವನು ಅಮಲ್ದಾರ, ಚಳಿನೇ ಅವನ ಕಂಡ್ರೆ ಎದ್ದು ನಿಂತ್ಕಂತೈತೆ.”

“ಆತು. ನಿಂದು, ನೀನು ಹೇಳ್ದಂಗೆ.”

ಪಾಲಯ್ಯಜ್ಜ ನನ್ನನ್ನು ಗುರುತು ಹಿಡಿದು ಆಟಕ್ಕೆ ಆಟ ಕೊಡುತ್ತಿದ್ದಾನೆ ಎಂದೇ ನಾನು ತಿಳಿದೆ. ಲೋಕದಲ್ಲಿ ಎಲ್ಲರೂ ನನ್ನ ಹಾಗೇ ಹೊತ್ತು ಕಳೆಯಲು ಮಾತಾಡುತ್ತಾರೆ ಎಂದುಕೊಂಡದ್ದು ನನ್ನ ತಪ್ಪು. ನಗುತ್ತ ಶಾಲೆಯ ಬಯಲಿಗೆ ಕ್ರಿಕೆಟ್ ಆಡಲು ಹೋದೆ. ತಿರುಗಿ ಬಂದಾಗ ಅಮಲ್ದಾರ ನಾಲ್ಕು ಕಾಲು ಕಟ್ಟಿಸಿಕೊಂಡು ಮಲಗಿತ್ತು. ಎಡಗಡೆ ಅಮಲ್ದಾರ, ಬಲಗಡೆ ಜವಾನ. ಅರ್ಧಕ್ಕೆ ನಿಲ್ಲಿಸು ಎಂದು ಯಾವ ದನಿಯಲ್ಲಿ ಹೇಳುವುದು? ಸುಮ್ಮನೆ ನಿಂತು ಉಳಿದರ್ಧವನ್ನೂ ನೋಡಿದೆ.

ಸಂಜೆ ಅಜ್ಜಿ ಶೇಂಗಾ ಗಿಡದ ಹೊರೆ ಹೊತ್ತು ಬಂದಳು. ಹಿತ್ತಲಲ್ಲಿ ಕಟ್ಟಿದ್ದನ್ನು ನೋಡಿ, “ಯಾರ್ದಿದು ಮೇಕೆ?” ಎಂದಳು.

ಪಾಲಯ್ಯಜ್ಜ ಕತ್ತರಿ ಒರೆಸುತ್ತಿದ್ದ. “ನೀನೇ ಹೇಳ್ದಲ್ಲಕ್ಕ, ಆಡಿಸು ಅಂತ.”

“ನಾನು ಹೊಲದಾಗಿದ್ನಲ್ಲೋ.”

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಒಬ್ಬರು ಒಂದೇ ಹೊತ್ತಿಗೆ ಎರಡು ಕಡೆ ಮಾತಾಡಿದರೆ ಬೇರೆ ಊರುಗಳಲ್ಲಿ ದೆವ್ವದ ಮೇಲೆ ಅನುಮಾನ ಪಡುತ್ತಾರೆ. ನಮ್ಮೂರಲ್ಲಿ ಆ ಗೌರವ ನನಗಿತ್ತು.

ಅಜ್ಜಿ ಬೈಯಲಿಲ್ಲ. ನೆಲದ ಮೇಲಿದ್ದ ಕರಿಯ ಉಣ್ಣೆಯನ್ನೆಲ್ಲ ಬಾಚಿ ತಂದು ನನ್ನ ಮುಂದೆ ಇಟ್ಟಳು.

“ಹಚ್ಚು.”

“ಏನಜ್ಜಿ?”

“ಎಲ್ಲಿಂದ ತೆಗೆಸ್ದೆ, ಅಲ್ಲಿಗೆ ಹಚ್ಚು.”

ನಾನು ಉಣ್ಣೆ ನೋಡುತ್ತ ಕೂತೆ. ಅಜ್ಜಿ ಒಳಗೆ ಹೋಗಿ ಗೂಟದಲ್ಲಿದ್ದ ಅಜ್ಜನ ಕಂಬಳಿ ತಂದಳು. ನಮ್ಮ ಮನೆಗಳಲ್ಲಿ ಕಂಬಳಿ ಎಂದರೆ ಬರೀ ಹೊದಿಕೆಯಲ್ಲ. ದೇವರನ್ನು ಕೂರಿಸುವುದೂ ಅದರ ಮೇಲೆಯೇ, ಆಣೆ ಇಡುವುದೂ ಅದನ್ನು ಮುಟ್ಟಿಯೇ.

“ಮುಟ್ಟು. ಇದರ ಮೈಮ್ಯಾಲೆ ನನ್ನ ಬೆರಳು ಮುಚ್ಚೋವಷ್ಟು ಉಣ್ಣೆ ಬರಾವರ್ಗೂ ನಿನ್ನ ಬಾಯಾಗೆ ಇನ್ನೊಬ್ಬರ ದನಿ ಬರಂಗಿಲ್ಲ. ಅಲ್ಲೀವರ್ಗೂ ಇದನ್ನ ಕಾಯೋನೂ ನೀನೇ.”

ಮುಟ್ಟಿದೆ. ಮರುದಿನದಿಂದ ನಾನು ಯಾರ ದನಿಯನ್ನೂ ತೆಗೆಯದ್ದನ್ನು ಕಂಡು, ಕಾಲೇಜಿನಲ್ಲಿ ನನಗೆ ಕಾಮಾಲೆಯಾಗಿದೆ ಎಂದು ಸುದ್ದಿ ಹಬ್ಬಿತು.

ಕಜ್ಜಿ ಹತ್ತಿದ ನಾಲ್ಕು ಕುರಿಗಳಿಗೆ ಚಳಿಯ ಚಿಂತೆ ಇರಲಿಲ್ಲ. ಔಷಧಿ ಹಚ್ಚಿಸಿಕೊಂಡು, ಗುಣವಾಗಿ, ಮಂದೆಯ ನಡುವೆ ನುಗ್ಗಿದರೆ ನೂರು ಕುರಿಗಳ ಬಿಸಿ. ಅಮಲ್ದಾರ ಹುಟ್ಟಿದಾಗಿನಿಂದ ನಮ್ಮ ಪಡಸಾಲೆಯಲ್ಲಿ ಒಂಟಿಯಾಗಿ ಮಲಗಿದ ಪ್ರಾಣಿ. ಅದನ್ನೂ ಮಂದೆಗೆ ಬಿಟ್ಟು ನೋಡೋಣ ಎಂದು ಓಬಣ್ಣ ಮಾವನ ಹಟ್ಟಿಗೆ ಹೊಡೆದುಕೊಂಡು ಹೋದೆ. ಅಲ್ಲಿನ ಟಗರುಗಳಿಗೆ ಇದು ಯಾರೆಂದು ಗುರುತೇ ಸಿಗಲಿಲ್ಲ. ಉಣ್ಣೆಯಿದ್ದಾಗ ದಾರಿ ಬಿಡುತ್ತಿದ್ದವೇ ಈಗ ಸರದಿಯಲ್ಲಿ ನಿಂತು ಗುದ್ದಿದವು. ಮಾವ ಬಿಡಿಸಿ, ಅದರ ಬೆನ್ನಿನ ಮೇಲೆ ಕೈಯಾಡಿಸಿ ಹೇಳಿದ: “ಈ ಮೈಯಾಗೆ ಇದು ಸಂಕ್ರಾಂತಿ ನೋಡಾದು ಅನುಮಾನ ಕಣಲೇ. ಬೆಚ್ಚಗಿಡು, ಓಡಾಡ್ಸು, ಬ್ಯಾಸ್ರ ಮಾಡ್ಕಳಾಕೆ ಬಿಡಬ್ಯಾಡ. ಒಂದ್ಸಲ ಮೂಲೆ ಸೇರ್ತೋ, ಎದ್ದೇಳಲ್ಲ.”

ಅಂದಿನಿಂದ ನನ್ನ ಪಿಯುಸಿಯ ಮುಖ್ಯ ವಿಷಯ ಅಮಲ್ದಾರ. ಪಡಸಾಲೆಯ ಮೂಲೆಯಲ್ಲಿ ಶೇಂಗಾ ಹೊಟ್ಟನ್ನು ಗೇಣು ದಪ್ಪ ಹಾಸಿ ಮೇಲೆ ಗೋಣಿ ಹಾಕಿದೆ. ಗಾಳಿ ಬರುವ ಕಡೆ ತಡಿಕೆ ಕಟ್ಟಿದೆ. ಹೈಸ್ಕೂಲಿನ ನನ್ನ ಮೆರೂನ್ ಸ್ವೆಟರನ್ನು ಹೊಟ್ಟೆಯ ಹತ್ತಿರ ಸೀಳಿ ಲಾಡಿ ಹೊಲಿಸಿ, ತೋಳುಗಳಲ್ಲಿ ಮುಂಗಾಲು ತೂರಿಸಿ ತೊಡಿಸಿದೆ. ಎದೆಯ ಮೇಲೆ ಶಾಲೆಯ ಬ್ಯಾಡ್ಜು ಹಾಗೇ ಇತ್ತು. ಆ ಶಾಲೆಯಿಂದ ಪಾಸಾಗಲು ನನಗೆ ಗಣಿತದಲ್ಲಿ ಎರಡು ಸಲ ಬೇಕಾಗಿತ್ತು. ಅಮಲ್ದಾರ ಅರ್ಜಿ ಹಾಕದೆ ಒಳಗೆ ಬಂದಿತ್ತು. ಬೀದಿಯ ಹುಡುಗರು ಅದಕ್ಕೆ “ನಮಸ್ತೆ ಸಾರ್” ಎನ್ನುತ್ತಿದ್ದರು.

ಅಜ್ಜಿ ನೋಡಿ ಹೇಳಿದ್ದು ಇಷ್ಟೇ: “ಕುರಿ ಮೈದು ಕಿತ್ತು ಮನುಷ್ಯ ಹಾಕ್ಕಂಬ್ತಿದ್ದ. ಈಗ ಮನುಷ್ಯಂದು ಕಿತ್ತು ಕುರಿ ಹಾಕ್ಕಂತು. ಸರಿಹೋತು ಬಿಡು.”

ಮೂರನೆಯ ದಿನ ಅಮಲ್ದಾರ ಬಲತೋಳನ್ನು ಮೊಣಕೈವರೆಗೆ ತಿಂದು ಹಾಕಿತು. ಆಮೇಲೆ ಗೋಣಿಚೀಲದ ಅಂಗಿಯೇ ಗತಿಯಾಯಿತು. ಅದನ್ನೂ ಬಿಸಿಲೇರಿದ ಮೇಲೆ ಬಿಚ್ಚಿಬಿಡಬೇಕು, ಬೆವೆತು ಗಾಳಿಗೆ ನಿಂತರೆ ಇನ್ನೂ ಕೇಡು ಎಂದು ಮಾವನ ಅಪ್ಪಣೆ. ಬೆಳಿಗ್ಗೆ ಬೇಯಿಸಿದ ಹುರುಳಿ, ಸಂಜೆ ಸಜ್ಜೆ ನುಚ್ಚು, ಕುಡಿಯಲು ಉಗುರುಬೆಚ್ಚಗಿನ ನೀರು. ನಮ್ಮ ಮನೆಯಲ್ಲಿ ಆ ವರ್ಷ ನಾನು ತಣ್ಣೀರಿನಲ್ಲಿ ಮುಖ ತೊಳೆಯುತ್ತಿದ್ದೆ.

ಆಟಕ್ಕೆ ಬೇವಿನ ಕೊಂಬೆಯಿಂದ ಒಂದು ಹಳೆಯ ಸ್ಕೂಟರ್ ಟೈರು ಇಳಿಬಿಟ್ಟೆ. ಅಮಲ್ದಾರ ಅದನ್ನು ಒಂದು ದಿನವೆಲ್ಲ ಅನುಮಾನದಿಂದ ನೋಡಿ, ಎರಡನೆಯ ದಿನ ಹತ್ತು ಹೆಜ್ಜೆ ಹಿಂದೆ ಸರಿದು ಬಂದು ಗುದ್ದಿತು. ಟೈರು ತೂಗಿ ಬಂದು ಅದನ್ನೇ ಗುದ್ದಿತು. ಎದುರಾಳಿಗೆ ಮರ್ಯಾದೆ ಇದೆ ಎಂದು ಅದಕ್ಕೆ ಖಾತರಿಯಾಯಿತು. ಅಜ್ಜಿ ಬಿಸಿಲಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರೆ ಒಂದೊಂದು ಗುದ್ದಿಗೂ ಅವಳ ಕಡೆ ತಿರುಗಿ ನೋಡುವುದು. ಅವಳು “ಭಲೆ” ಎಂದರೆ ಇನ್ನೊಂದು. ಅವಳು ಎದ್ದು ಒಳಗೆ ಹೋದರೆ ಆಟ ಬಂದ್. ನೋಡುವವರಿಲ್ಲದೆ ಆಡುವ ಅಭ್ಯಾಸ ಅದಕ್ಕೂ ಇರಲಿಲ್ಲ, ನನಗೂ ಇರಲಿಲ್ಲ. ನಮ್ಮಿಬ್ಬರಲ್ಲಿ ಒಬ್ಬನಿಗೆ ಮಾತ್ರ ಆ ಚಳಿಗಾಲದಲ್ಲಿ ಆಡಲು ಪರವಾನಗಿ ಇತ್ತು.

ಹೀಗೆ ಮೂರು ವಾರ ಎಲ್ಲ ಸರಿಯಾಗಿತ್ತು. ಆಮೇಲೆ ಮೊಳಕಾಲ್ಮೂರಿನಿಂದ ಕರೆ ಬಂತು. ಅಲ್ಲಿ ರೇಷ್ಮೆ ಸೀರೆ ನೇಯುವ ಮನೆಗೆ ಕೊಟ್ಟ ನಮ್ಮ ಅತ್ತೆಗೆ ಎರಡನೆಯ ಹೆರಿಗೆಯಾಗಿತ್ತು. ಮೈ ಸೋತು ಎದ್ದು ಕೂರಲಾರದ ಸ್ಥಿತಿ. ಬಾಣಂತನಕ್ಕೆ ಅಜ್ಜಿಯೇ ಹೋಗಬೇಕಾಯಿತು. ಹೊರಡುವಾಗ ಅಮಲ್ದಾರನ ಎರಡು ಕಿವಿ ಹಿಡಿದು ಏನೋ ಹೇಳಿದಳು. ನನಗೆ ಹೇಳಿದ್ದು, “ನಾನು ಬಂದಾಗ ಇದು ಎದ್ದು ಬರ್ಬೇಕು ನೋಡು.”

ಮೊದಲ ದಿನ ಅಮಲ್ದಾರ ಬಸ್ಸು ಹೋದ ದಿಕ್ಕಿಗೆ ಮುಖ ಮಾಡಿ ನಿಂತಿತು. ಎರಡನೆಯ ದಿನ ಅದೇ ದಿಕ್ಕಿಗೆ ಮುಖ ಮಾಡಿ ಮಲಗಿತು. ಮೂರನೆಯ ದಿನ ಹುರುಳಿ ಮೂಸಲಿಲ್ಲ. ಅದೇ ವಾರ ಚಳಿಯೂ ಬಿಗಿಯಾಯಿತು. ಮೂಗಿನಲ್ಲಿ ನೀರು, ಉಸಿರಿನ ಜೊತೆ ಗೊರಗೊರ. ದನದ ಡಾಕ್ಟರನ್ನು ಕರೆತಂದೆ. ಅವರು ಎದೆಗೆ ಕಿವಿಕೊಟ್ಟು, ಒಂದು ಇಂಜೆಕ್ಷನ್ ಹಾಕಿ, “ರೋಗ ದೊಡ್ಡದಲ್ಲ, ಆದರೆ ಮಲಗಿದ್ದಲ್ಲೇ ಬಿಟ್ರೆ ದೊಡ್ಡದಾಗುತ್ತೆ. ಎದೆಗೆ ಕಫ ಇಳಿಯೋಕೆ ಮುಂಚೆ ಎಬ್ಬಿಸಿ ನಡೆಸಿ. ತಿನ್ನಿಸಿ. ನನ್ನ ಹತ್ರ ಇರೋದು ಇಷ್ಟೇ,” ಎಂದರು. ‘ಇಷ್ಟೇ’ ಎನ್ನುವಾಗ ಅವರ ದನಿ ಸೊಗಸಾಗಿ ಒಡೆಯುತ್ತಿತ್ತು. ಬೇರೆ ಕಾಲದಲ್ಲಾಗಿದ್ದರೆ ಒಂದು ತಿಂಗಳಿಗಾಗುವಷ್ಟು ಸರಕು.

ಎಬ್ಬಿಸುವುದು ಹೇಗೆ? ಹಗ್ಗ ಹಿಡಿದು ಎಳೆದೆ. ಹಿಂದಿನಿಂದ ತಳ್ಳಿದೆ. ಅವ್ವನೂ ನಾನೂ ಸೇರಿ ಹೊಟ್ಟೆಯ ಕೆಳಗೆ ಗೋಣಿ ಕೊಟ್ಟು ಎತ್ತಿ ನಿಲ್ಲಿಸಿದೆವು. ಬಿಟ್ಟ ಕೂಡಲೇ ಮಡಿಚಿಕೊಂಡು ಕೂತಿತು. ಡಬ್ಬಿಯಲ್ಲಿ ಹುರುಳಿ ಹಾಕಿ ಗಲಗಲ ಅಲ್ಲಾಡಿಸಿದೆ. ಕೊನೆಗೆ ನಾನೇ ಹತ್ತು ಹೆಜ್ಜೆ ಹಿಂದೆ ಹೋಗಿ, ತಲೆ ಬಗ್ಗಿಸಿ ಓಡಿಬಂದು ಟೈರಿಗೆ ಗುದ್ದಿ ತೋರಿಸಿದೆ. ಟೈರು ತಿರುಗಿ ಬಂದು ನನ್ನ ಕಿವಿಗೆ ಬಡಿಯುವ ಹೊತ್ತಿಗೆ ಸರಿಯಾಗಿ ಓಬಣ್ಣ ಮಾವ ಬೇಲಿಯ ಆಚೆ ನಿಂತಿದ್ದ.

“ಹುಷಾರಿಲ್ದಿರಾದು ಅದಕ್ಕೋ, ನಿನಗೋ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದ.

ಭಾನುವಾರ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಅಜ್ಜಿಯನ್ನು ಎರಡು ದಿನದ ಮಟ್ಟಿಗಾದರೂ ಕರೆತರುವುದು ನನ್ನ ಯೋಚನೆ. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಅಭ್ಯಾಸ ಮಾಡಿದೆ. ಬಂಡೆಗುಡ್ಡಗಳ ನಡುವಿನ ಆ ಊರಿಗೆ ಇಳಿದು, ಮಗ್ಗದ ಸದ್ದು ಕೇಳುವ ಓಣಿಯಲ್ಲಿ ಅತ್ತೆಯ ಮನೆ ಹೊಕ್ಕೆ. ಅತ್ತೆಯ ಅತ್ತೆ, “ರಾ ನಾಯನಾ, ಕೂಚೋ,” ಎಂದು ಮಣೆ ಹಾಕಿದರು. ಆ ಮನೆಯಲ್ಲಿ ಉಪಚಾರ ತೆಲುಗಿನಲ್ಲಿ, ಜಗಳ ಕನ್ನಡದಲ್ಲಿ. ಒಳಗೆ ಅಜ್ಜಿ ಕಾಲು ಚಾಚಿ ಕೂತು, ಅಂಗೈ ಅಗಲದ ಮಗುವನ್ನು ಕಾಲಿನ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಮಂಚದ ಮೇಲೆ ಅತ್ತೆ ಬಿಳಿಚಿಕೊಂಡು ಮಲಗಿದ್ದಳು. ನನ್ನನ್ನು ನೋಡಿ ನಗಲು ಹೋದಳು, ಅದಕ್ಕೂ ಶಕ್ತಿ ಸಾಲದೆ ಬಿಟ್ಟಳು. ನಾನು ದಾರಿಯಲ್ಲಿ ಜೋಡಿಸಿಕೊಂಡ ಮಾತೆಲ್ಲ ಅಲ್ಲೇ ನಿಂತುಹೋಯಿತು.

“ಹೆಂಗವ್ನೆ?” ಎಂದಳು ಅಜ್ಜಿ.

“ಚೆನ್ನಾಗವ್ನೆ.”

“ತಿಂತಾನಾ?”

“ತಿಂತಾನೆ.”

“ಟೈರಿಗೆ ಗುದ್ತಾನಾ?”

“ಗುದ್ದಿ ಗುದ್ದಿ ಟೈರೇ ಹರಿದೈತೆ.”

ಅಜ್ಜಿ ಮಗುವಿನ ಬೆನ್ನು ತಿಕ್ಕುತ್ತಲೇ ಇದ್ದಳು. ನಾನು ಉಂಡು ಹೊರಡುವಾಗ ಬಾಗಿಲವರೆಗೆ ಬಂದು ಒಂದು ಬಟ್ಟೆಯ ಗಂಟು ಕೈಗಿಟ್ಟಳು. “ಬಾಣಂತಿಗೆ ಕುಟ್ಟಿದ ಖಾರ. ಓಮ, ಮೆಣಸು, ಬೆಲ್ಲ ಐತೆ. ಮೂಗಾಗೆ ನೀರು ಸುರೀತಿದ್ರೆ ದಿನಾ ಒಂದು ಗೋಲಿಯಷ್ಟು ತಿನ್ಸು.”

“ಚೆನ್ನಾಗೈತೆ ಅಂದ್ನಲ್ಲಜ್ಜಿ.”

“ಚೆನ್ನಾಗಿದ್ರೆ ನೀನು ತಿನ್ನು.”

ಬಸ್ಸಿನಲ್ಲಿ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಾಗ ಒಂದು ವಿಷಯ ಸ್ಪಷ್ಟವಾಯಿತು. ಅಜ್ಜಿಯ ದನಿಯಲ್ಲಿ ಹೇಳಿದ ಸುಳ್ಳನ್ನು ಅರವತ್ತು ದಾಟಿದ ಪಾಲಯ್ಯಜ್ಜ ನಂಬಿದ್ದ. ನನ್ನ ದನಿಯಲ್ಲಿ ಹೇಳಿದ್ದನ್ನು ಅಜ್ಜಿಯಿರಲಿ, ಎದುರಿಗಿದ್ದ ಕೂಸೂ ನಂಬಿರಲಿಕ್ಕಿಲ್ಲ.

ಖಾರದ ಗೋಲಿಯನ್ನು ಅಮಲ್ದಾರ ಚೀಪಿತು. ಮೂಗಿನ ನೀರು ಸ್ವಲ್ಪ ಇಳಿಯಿತು. ಏಳುವುದು ಮಾತ್ರ ಇಲ್ಲ. ಮರುದಿನ ಬೆಳಿಗ್ಗೆ ಬಿಸಿಲು ಗೋಡೆಯಿಂದ ಇಳಿದು ಹಿತ್ತಲಿನ ನೆಲ ಮುಟ್ಟಿತ್ತು. ಅದು ಪಡಸಾಲೆಯ ನೆರಳಲ್ಲೇ ಕತ್ತನ್ನು ನೆಲಕ್ಕೆ ಚಾಚಿ ಬಿದ್ದಿತ್ತು. ಕತ್ತನ್ನು ಹಾಗೆ ಚಾಚಿದ ಕುರಿಯನ್ನು ನಾನು ಮಾವನ ಹಟ್ಟಿಯಲ್ಲಿ ಹಿಂದೆ ಎರಡು ಸಲ ನೋಡಿದ್ದೆ. ಎರಡೂ ಆಮೇಲೆ ತಲೆ ಎತ್ತಿರಲಿಲ್ಲ.

ಅವ್ವ ಕಸ ಗುಡಿಸುತ್ತಿದ್ದಳು.

“ಅವ್ವಾ, ಅಜ್ಜಿ ದನಿ ಒಂದೇ ಒಂದ್ಸಲ ಮಾಡ್ಲಾ?”

“ಕಂಬಳಿ ಮುಟ್ಟಿದೀಯಲ್ಲ.”

“ಹೂಂ.”

ಅವ್ವ ಪೊರಕೆ ನಿಲ್ಲಿಸಲಿಲ್ಲ. ಮೂಲೆಯವರೆಗೆ ಗುಡಿಸಿ, ಕಸ ಒಟ್ಟು ಮಾಡಿ, ಆಮೇಲೆ ಹೇಳಿದಳು: “ಆಣೆ ಇಟ್ಟಾನು ನೀನು. ಕೆಟ್ಟದಾದ್ರೆ ನಿನಗಾಗ್ತೈತೆ. ಟಗರೇನು ಆಣೆ ಇಟ್ಟಿಲ್ಲಲ್ಲ.”

ನಾನು ಗೂಟದಿಂದ ಕಂಬಳಿ ತೆಗೆದು, ಮಡಿಚಿ, ಒಳಕೋಣೆಯಲ್ಲಿಟ್ಟು ಬಾಗಿಲು ಹಾಕಿಕೊಂಡು ಬಂದೆ. ಅದಕ್ಕೆ ಕೇಳಿಸದಿದ್ದರೆ ಒಳ್ಳೆಯದು ಎಂದು.

“ಬಾರಪ್ಪ ನನ್ನ ದೊರೆ, ಬಾ.” ಕೆಮ್ಮಿದೆ. “ಬಾ.”

ಏನೂ ಆಗಲಿಲ್ಲ. ತಿಂಗಳು ಮೇಲಾಗಿತ್ತು, ಗಂಟಲಿಗೆ ತುಕ್ಕು ಹಿಡಿದಿತ್ತು. ಕೆಮ್ಮು ತಡವಾಗಿ ಬಂದಿತ್ತು; ಎಲೆಅಡಿಕೆ ದವಡೆ ದಾಟುವ ಮೊದಲೇ ಬರಬೇಕು. ಬಾಯಿಗೆ ನಾಲ್ಕು ಶೇಂಗಾ ಬೀಜ ತುಂಬಿಕೊಂಡು ಮತ್ತೆ ಕರೆದೆ. ಈ ಸಲ ಒಂದು ಕಿವಿ ತಿರುಗಿತು. ಎರಡನೆಯ ‘ಬಾ’ಕ್ಕೆ ಕತ್ತು ಎದ್ದಿತು. ಮೊದಲು ಹಿಂಗಾಲು, ಆಮೇಲೆ ಮಂಡಿ ಊರಿ, ನಡುಗುತ್ತ ಅಮಲ್ದಾರ ಎದ್ದು ನಿಂತಿತು. ಹಿತ್ತಲಿಗೆ ಬಂದು ಅಜ್ಜಿ ಕೂರುವ ಜಾಗ ನೋಡಿತು. ಅಲ್ಲಿ ಅಜ್ಜಿ ಇರಲಿಲ್ಲ. ಮತ್ತೆ ಮಲಗಿಬಿಡುತ್ತದೆ ಎನ್ನಿಸಿ ನಾನು ಗೋಡೆಯ ಆಚೆಗೆ ಓಡಿ ಅಲ್ಲಿಂದ ಕರೆದೆ. ಅದು ಗೋಡೆ ಸುತ್ತಿ ಬಂತು. ನಾನು ಮುಂದಿನ ಮೂಲೆಗೆ ಓಡಿದೆ.

ಅಂದಿನಿಂದ ದಿನಾ ಬೆಳಿಗ್ಗೆ ಬಿಸಿಲೇರಿದ ಮೇಲೆ ಇದೇ ನಡೆಯಿತು. ಅಜ್ಜಿಯ ದನಿ ಯಾವಾಗಲೂ ಮುಂದಿನ ಮೂಲೆಯಲ್ಲಿ. ಮೊದಲು ಮನೆಗೆ ಒಂದು ಸುತ್ತು, ಆಮೇಲೆ ಎರಡು, ವಾರದ ಹೊತ್ತಿಗೆ ಬೀದಿ ಪೂರ್ತಿ. ಪಕ್ಕದ ಮನೆಯ ಮುದುಕಿ ಒಳಗಿನಿಂದಲೇ, “ಈರಕ್ಕಾ, ಯಾವಾಗ ಬಂದೆ? ಕೂಸು ಯಾರಂಗೈತೆ?” ಎಂದು ಕೇಳಿದಳು. “ಅವರಪ್ಪನಂಗೇ ಐತೆ,” ಎಂದು ಓಡುತ್ತಲೇ ಉತ್ತರ ಕೊಟ್ಟೆ. ಮುರಿದ ಆಣೆಯನ್ನು ಇನ್ನಷ್ಟು ಮುರಿದರೆ ಏನೂ ಹೆಚ್ಚು ಕಡಿಮೆಯಾಗುವುದಿಲ್ಲ.

ಒಂದು ಸಂಗತಿ ಮಾತ್ರ ತಮಾಷೆಯಾಗಿರಲಿಲ್ಲ. ಪ್ರತಿ ಸಲ ಕೊನೆಯ ಮೂಲೆಯಲ್ಲಿ ಅದಕ್ಕೆ ಸಿಗುತ್ತಿದ್ದವನು ನಾನು, ಬೊಗಸೆಯಲ್ಲಿ ಹುರುಳಿ ಹಿಡಿದುಕೊಂಡು. ಅದು ನನ್ನ ಮುಖ ನೋಡುವುದು. ಆಮೇಲೆ ನನ್ನ ಬೆನ್ನ ಹಿಂದೆ ನೋಡುವುದು. ಅಲ್ಲಿ ಯಾರೂ ಇಲ್ಲವೆಂದು ಖಚಿತವಾದ ಮೇಲೆ ಬಾಯಿ ಹಾಕುವುದು.

ಸಂಕ್ರಾಂತಿ ಬಂತು, ಅಮಲ್ದಾರ ಎಳ್ಳುಬೆಲ್ಲ ತಿಂದಿತು. ಓಬಣ್ಣ ಮಾವ ಬಂದು ಬೆನ್ನು ಸವರಿ, ಏನೂ ಹೇಳದೆ ಒಂದು ಮೂಟೆ ಹೊಟ್ಟು ಇಳಿಸಿ ಹೋದ. ಅದು ಟೈರಿಗೂ ಗುದ್ದತೊಡಗಿತು. ಮರದ ಹಿಂದೆ ನಿಂತು ಅಜ್ಜಿಯ ದನಿಯಲ್ಲಿ “ಭಲೆ” ಎನ್ನುವ ಕೆಲಸವೂ ನನಗೆ ಬಂತು. ಅಷ್ಟು ದಿನ ಒಬ್ಬನೇ ಪ್ರೇಕ್ಷಕನಿಗೆ, ಅದೂ ಮುಖ ತೋರಿಸದೆ, ನಾನು ಮತ್ತೆಂದೂ ಆಡಿಲ್ಲ.

ಚಳಿ ಸಡಿಲಾಗತೊಡಗಿದ ಒಂದು ಬೆಳಿಗ್ಗೆ ನಾನು ಹಿತ್ತಲ ಗೋಡೆಯ ಆಚೆ ಬಗ್ಗಿ ಕೂತು, “ಬಾರಪ್ಪ ನನ್ನ ದೊರೆ, ಬಾ,” ಎಂದು, ಕೆಮ್ಮಿ, ಇನ್ನೊಂದು ‘ಬಾ’ಕ್ಕೆ ಬಾಯಿ ತೆರೆದಿದ್ದೆ. ಆ ‘ಬಾ’ ನಾನು ಹೇಳುವ ಮೊದಲೇ ಮನೆಯೊಳಗಿನಿಂದ ಬಂತು.

ಎದ್ದು ನೋಡಿದರೆ ಪಡಸಾಲೆಯಲ್ಲಿ ಅಜ್ಜಿ, ಕೈಯಲ್ಲಿ ಬಸ್ಸಿನಿಂದಿಳಿದ ಚೀಲ ಹಾಗೇ ಇತ್ತು. ಅಮಲ್ದಾರ ನನ್ನ ಕಡೆ ಎತ್ತಿದ್ದ ಕಾಲನ್ನು ಇಳಿಸಿ, ಒಂದು ಸಲ ಗೋಡೆ ನೋಡಿ, ಒಂದು ಸಲ ಬಾಗಿಲು ನೋಡಿ, ಆಮೇಲೆ ಓಡಿಹೋಗಿ ಅಜ್ಜಿಯ ಹೊಟ್ಟೆಗೆ ತಲೆ ಒತ್ತಿತು. ಚೀಲ ಕೆಳಗೆ ಬಿತ್ತು. ಅಜ್ಜಿ ಅದರ ಕಣ್ಣಿನ ರೆಪ್ಪೆ ಎತ್ತಿ ನೋಡಿದಳು, ಮೂಗು ಒರೆಸಿ ನೋಡಿದಳು, ಎದೆಗೆ ಕಿವಿ ಕೊಟ್ಟಳು. ಕೊನೆಗೆ ಬೆನ್ನಿನ ಉಣ್ಣೆಯೊಳಗೆ ಬೆರಳು ಇಳಿಸಿದಳು. ಬೆರಳು ಮುಚ್ಚಲಿಲ್ಲ. ಉಗುರು ಮುಚ್ಚಿತು.

ಆ ಬೆರಳನ್ನು ಹಾಗೇ ಎತ್ತಿ ನನಗೆ ತೋರಿಸಿದಳು. ನನ್ನ ಬಾಯಿ ತಾನಾಗಿಯೇ ಶುರುವಾಯಿತು.

“ಆಣೆ ಮುರ್ದೆ ಅಜ್ಜಿ, ಇಲ್ಲ ಅನ್ನಲ್ಲ. ಆದ್ರೆ ಇದು ಕತ್ತು ಚಾಚಿತ್ತು. ಡಾಕ್ಟ್ರೇ ಕೈಚೆಲ್ಲಿದ್ರು. ಎಬ್ಬಿಸ್ದಾನು ನಾನು, ನಡೆಸ್ದಾನು ನಾನು, ಊರೆಲ್ಲ ಸುತ್ತಿಸ್ದಾನು ನಾನು. ಬೇಕಾದ್ರೆ ಅವ್ವನ್ನ ಕೇಳು. ಈಗ ನಾನು ಕರೆದ್ರೆ ಎಲ್ಲಿದ್ರೂ ಬರ್ತೈತೆ ಇದು.”

ಅಜ್ಜಿ ಎಲೆಅಡಿಕೆಯನ್ನು ನಿಧಾನವಾಗಿ ಎಡದವಡೆಯಿಂದ ಬಲದವಡೆಗೆ ದಾಟಿಸಿದಳು. ಕೆಮ್ಮಲಿಲ್ಲ.

“ಅದು ಬಂದದ್ದು ನಾನು ಕರೆದೆ ಅಂತ ಕಣಪ್ಪ. ನೀನಿನ್ನೂ ಒಂದು ಸಲನೂ ಕರ್ದಿಲ್ಲಲ್ಲೋ.”